ಗೋದಾಮಿನ ಮೇಲಿನ ಮನೆಯೂ ಮನೆಯೇ

ಬೀದರ್, ಹುಮನಾಬಾದ್, ಕಲಬುರಗಿ ಕಡೆಯ ಕಿರಾಣಿ ವರ್ತಕರಿಗೆ ಹೈದರಾಬಾದಿನ ಬೇಗಂ ಬಜಾರ್ ಪರಸ್ಥಳವಲ್ಲ. ಬೆಳಗಿನ ಬಸ್ಸಿಗೆ ಬಂದು ಇಮ್ಲಿಬನ್ ನಿಲ್ದಾಣದಲ್ಲಿ ಇಳಿದು, ಅಫ್ಜಲ್‌ಗಂಜ್ ದಾಟಿ ಬಜಾರ್ ಸೇರಿ, ಮಸಾಲೆ, ಒಣಹಣ್ಣು, ಸ್ಟೀಲು-ಹಿತ್ತಾಳೆ ಪಾತ್ರೆಗಳ ಗಂಟು ಕಟ್ಟಿಸಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹಾಕಿ, ರಾತ್ರಿಯೊಳಗೆ ಊರು ಮುಟ್ಟುವುದು ತಲೆಮಾರುಗಳ ರೂಢಿ. ಹಾಗೆ ಬಂದವರಲ್ಲಿ ಕೆಲವರು ಇಲ್ಲಿಯೇ ನಿಂತರು. ಅಂಗಡಿ ಹಾಕಿದವರು ಬೆಳೆದರು, ಮನೆ ಕಟ್ಟಿಸಿಕೊಂಡು ಬೇರೆ ಬಡಾವಣೆಗಳಿಗೆ ಹೋದರು. ಗುಮಾಸ್ತರು, ಲೆಕ್ಕ ಬರೆಯುವವರು, ಹಮಾಲರು, ಟೆಂಪೋ ಚಾಲಕರು ಬಜಾರಿನ ಸುತ್ತಮುತ್ತಲೇ ಉಳಿದರು. ಅವರ ವಾಸದ ರೀತಿ ಒಂದೇ ಸಾಲಿನಲ್ಲಿ ಹೇಳಬಹುದಾದದ್ದು: ಕೆಳಗೆ ಮಳಿಗೆ, ಹಿಂದೆ ಗೋದಾಮು, ಮೇಲೆ ಮನೆ.

ಇಂತಹ ಕನ್ನಡ ಮನೆಗಳು ಎಷ್ಟಿವೆ? ಒಂದು ಕೋಣೆಯವೆಷ್ಟು, ಎರಡು ಕೋಣೆಯವೆಷ್ಟು? ಬಾಡಿಗೆ ಎಷ್ಟು ಕೊಡುತ್ತಾರೆ? ನೀರು ಒಳಗೆ ಬರುತ್ತದೆಯೋ, ಹೊರಗಿನಿಂದ ಹೊರಬೇಕೋ? ಈ ಪ್ರಶ್ನೆಗಳಿಗೆ ಉತ್ತರ ಸರಕಾರದ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಕನ್ನಡ ಸಂಘಗಳ ಸದಸ್ಯರ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ರಾಜ್ಯೋತ್ಸವಕ್ಕೆ ಎಷ್ಟು ಜನ ಬರುತ್ತಾರೆ ಎಂಬ ಅಂದಾಜು ಸಂಘಗಳಿಗೆ ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಅವರು ಯಾವ ಮೆಟ್ಟಿಲು ಹತ್ತಿ ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದು ಯಾರ ಲೆಕ್ಕಕ್ಕೂ ಬಂದಿಲ್ಲ.

ಈ ಮಾತು ಈಗ ಏಳಲು ಕಾರಣವಿದೆ. ಕೋವಿಡ್‌ನಿಂದಾಗಿ 2021ರ ಜನಗಣತಿ ನಡೆಯಲಿಲ್ಲ. 2027ರ ಜನಗಣತಿಗೆ ಕೇಂದ್ರ ಸರಕಾರ ಹಾಕಿಕೊಂಡ ಕ್ರಮದಂತೆ ಮೊದಲು ಮನೆಪಟ್ಟಿ. ಅದಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಗೊತ್ತುಪಡಿಸಲಾಗಿದೆ. ಅನಂತರ 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಮಾತೃಭಾಷೆ ಯಾವುದೆಂದು ಕೇಳುವುದು ಈ ಎರಡನೆಯ ಹಂತದಲ್ಲಿ. ಆದರೆ ಎರಡನೆಯ ಹಂತದಲ್ಲಿ ಬರುವವರು ಬಾಗಿಲು ಹುಡುಕುವುದು ಮೊದಲನೆಯ ಹಂತದ ಪಟ್ಟಿಯನ್ನು ಹಿಡಿದುಕೊಂಡು. ಪಟ್ಟಿಯಲ್ಲಿ ಗೋದಾಮು ಎಂದು ಬರೆದುಕೊಂಡ ಕಡೆ ಮೇಲಿನ ಮನೆಯ ಬಾಗಿಲು ತಟ್ಟುವವರು ಯಾರು? ಭಾಷೆಯ ಲೆಕ್ಕದಲ್ಲಿ ಕನ್ನಡಿಗರ ಸಂಖ್ಯೆ ಕಡಿಮೆ ತೋರಿಸಲಾಗಿದೆ ಎಂದು ಪ್ರತಿ ಸಲ ಸಭೆಗಳಲ್ಲಿ ಕೇಳಿಬರುವ ದೂರಿಗೆ ಮನೆಪಟ್ಟಿಯಲ್ಲಿಯೇ ಅರ್ಧ ಉತ್ತರವಿದೆ ಎಂಬುದನ್ನು ದೂರುವವರು ಗಮನಿಸಿದಂತಿಲ್ಲ.

2011ರ ಮನೆಪಟ್ಟಿಯಲ್ಲಿ 35 ಪ್ರಶ್ನೆಗಳಿದ್ದವು. ನೆಲ ಯಾವುದರದ್ದು, ಗೋಡೆ ಯಾವುದರದ್ದು, ಸೂರು ಯಾವುದರದ್ದು ಎಂಬಲ್ಲಿಂದ ಆರಂಭವಾಗಿ ಕೋಣೆಗಳೆಷ್ಟು, ಮನೆಯಲ್ಲಿ ವಿವಾಹಿತ ದಂಪತಿಗಳೆಷ್ಟು, ಕುಡಿಯುವ ನೀರು, ದೀಪ, ಶೌಚಾಲಯ, ಅಡುಗೆಮನೆ, ಉರುವಲು, ರೇಡಿಯೋ, ಟಿ.ವಿ., ಸೈಕಲ್, ಬ್ಯಾಂಕ್ ಖಾತೆಯವರೆಗೆ ಎಲ್ಲವನ್ನೂ ಕೇಳಿದ್ದರು. ಬಜಾರಿನ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಕೂಡ 'ಕಲ್ಲು' ಎಂಬ ಖಾನೆಯಲ್ಲಿ ದಾಖಲಾಗಿರಬೇಕು. ಕಲಬುರಗಿ ಸೀಮೆಯ ಕಲ್ಲಿಗೆ ಸಿಕ್ಕಿದ ಮಾನ್ಯತೆ ಆ ಸೀಮೆಯಿಂದ ಬಂದವರಿಗೆ ಸಿಕ್ಕಿತೋ ಇಲ್ಲವೋ ಹೇಳುವುದು ಕಷ್ಟ. ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂದೂ ಕೇಳಿದ್ದರು. ಬಾಡಿಗೆ ಎಷ್ಟು ಎಂದು ಮಾತ್ರ ಕೇಳಿರಲಿಲ್ಲ.

ಆ ಗಣತಿಯಂತೆ ದೇಶದ ನಗರಗಳಲ್ಲಿ ಸುಮಾರು 7.89 ಕೋಟಿ ಕುಟುಂಬಗಳಿದ್ದವು. ಅವುಗಳಲ್ಲಿ ಶೇ. 27.5 ಬಾಡಿಗೆ ಮನೆಗಳಲ್ಲಿದ್ದವು. ಶೇ. 32ರಷ್ಟು ಕುಟುಂಬಗಳಿಗೆ ಇದ್ದದ್ದು ಒಂದೇ ಕೋಣೆ. ಇದೇ ಅಂಕಿಗಳನ್ನು ಆಧರಿಸಿ ಪ್ರೊ. ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಾಂತ್ರಿಕ ಸಮಿತಿ 2012ರಲ್ಲಿ ನಗರಗಳ ವಸತಿ ಕೊರತೆಯನ್ನು 1.87 ಕೋಟಿಗೂ ಹೆಚ್ಚು ಎಂದು ಲೆಕ್ಕ ಹಾಕಿತು. ಈ ಕೊರತೆಯಲ್ಲಿ ಬೀದಿಯಲ್ಲಿ ಮಲಗುವವರ ಪಾಲು ಅತಿ ಚಿಕ್ಕದು. ಸುಮಾರು 1.5 ಕೋಟಿಯಷ್ಟು ಕೊರತೆ ಇಕ್ಕಟ್ಟಿನದು. ಸೂರು ಇದೆ, ಅದರ ಕೆಳಗೆ ಹಿಡಿಸಲಾರದಷ್ಟು ಜನ ಇದ್ದಾರೆ. ಮಗನ ಮದುವೆಯಾದ ಮೇಲೆ ತಂದೆತಾಯಿ ರಾತ್ರಿ ಪಡಸಾಲೆಗೆ ಹಾಸಿಗೆ ಒಯ್ಯುವ ಮನೆ ಎಂದರೆ ಅರ್ಥವಾದೀತು. ದಂಪತಿಗಳೆಷ್ಟು ಎಂಬ ಪ್ರಶ್ನೆ ಕೇಳಿದ್ದು ಅದನ್ನು ತಿಳಿಯುವುದಕ್ಕೇ. ಅದೇ 2011ರಲ್ಲಿ ದೇಶದ ನಗರಗಳಲ್ಲಿ 1.1 ಕೋಟಿಯಷ್ಟು ಮನೆಗಳು ಖಾಲಿ ಬಿದ್ದಿದ್ದವು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು 'ಕುಟುಂಬ' ಎಂದರೆ ಏನು ಎಂಬ ವಿಷಯ. ಗಣತಿಯ ಲೆಕ್ಕದಲ್ಲಿ ಕುಟುಂಬವನ್ನು ನಿರ್ಧರಿಸುವುದು ರಕ್ತಸಂಬಂಧವಲ್ಲ, ಒಲೆ. ಒಂದೇ ಅಡುಗೆಯಲ್ಲಿ ಉಣ್ಣುವವರು ಸಂಬಂಧಿಗಳಾಗಿರಲಿ, ಅಲ್ಲದಿರಲಿ, ಒಂದು ಕುಟುಂಬ. ಭಾಲ್ಕಿ, ಔರಾದ್, ಆಳಂದ ಕಡೆಯ ಆರು ಹುಡುಗರು ಬಜಾರಿನ ಒಂದು ಕೋಣೆ ಹಿಡಿದು ಸರದಿಯ ಮೇಲೆ ಜೋಳದ ರೊಟ್ಟಿ ಬಡಿದುಕೊಂಡಿದ್ದರೆ ಅದು ಒಂದು ಕುಟುಂಬ. ಅದೇ ಆರು ಜನ ಒಲೆ ಹೂಡದೆ ಬೇರೆ ಬೇರೆ ಖಾನಾವಳಿಯಲ್ಲಿ ಉಂಡು ಬಂದು ಮಲಗಿದರೆ ಅವು ಆರು ಕುಟುಂಬಗಳು! ಕೋಣೆ ಒಂದೇ, ಹಾಸಿಗೆ ಆರೇ, ಲೆಕ್ಕ ಬೇರೆ. ಗಣತಿದಾರರು ಇದನ್ನು ಬಿಡಿಸಿ ಕೇಳುವಷ್ಟು ವ್ಯವಧಾನದಿಂದ ಬರುವುದಿಲ್ಲ. ಬಂದ ಹೊತ್ತಿನಲ್ಲಿ ಆರೂ ಜನ ಅಂಗಡಿಯಲ್ಲಿರುತ್ತಾರೆ, ಬಾಗಿಲಿಗೆ ಬೀಗ. 'ಬೀಗ ಹಾಕಿದೆ' ಎಂಬುದಕ್ಕೂ ಪಟ್ಟಿಯಲ್ಲಿ ಒಂದು ಖಾನೆ ಇದೆ.

ಮಾಲೀಕರ ಅಂಜಿಕೆಯೂ ಸೇರಿಕೊಳ್ಳುತ್ತದೆ. ಮೇಲೆ ಬಾಡಿಗೆದಾರರಿದ್ದಾರೆಂದು ತಿಳಿದರೆ ಪಾಲಿಕೆಯ ತೆರಿಗೆ ಏರೀತು, ಮುಂದೆ ಬಿಡಿಸುವುದು ಕಷ್ಟವಾದೀತು ಎಂದು 'ಯಾರಾದರೂ ಕೇಳಿದರೆ ಅಂಗಡಿಯ ಆಳು ಎಂದು ಹೇಳಿ' ಎಂಬ ಸೂಚನೆ ಕೊಡುವವರು ಇಂತಹ ಬಜಾರುಗಳಲ್ಲಿ ಅಪರೂಪವಲ್ಲ. ಬಾಡಿಗೆದಾರನೂ ಯಾಕೆ ತಕರಾರು ಎಂದು ಹಾಗೆಯೇ ಹೇಳುತ್ತಾನೆ. ಈ ಅಂಜಿಕೆಗೆ ಆಧಾರವಿಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಗಣತಿಯಲ್ಲಿ ಬರೆಸಿದ ವಿವರವನ್ನು ಬೇರೆಯವರು ತೆಗೆದು ನೋಡುವಂತಿಲ್ಲ, ಅದು ಕೋರ್ಟಿನಲ್ಲಿ ಸಾಕ್ಷ್ಯವಾಗುವುದೂ ಇಲ್ಲ. ಮಾಲೀಕರಿಗೆ ಅದರಿಂದ ತೆರಿಗೆಯ ನೋಟೀಸು ಬರದು. ಬಾಡಿಗೆದಾರರಿಗೆ ಅದರಿಂದ ಮನೆಯ ಮೇಲೆ ಹಕ್ಕೂ ಹುಟ್ಟದು. ಇಷ್ಟನ್ನು ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಹೇಳಿದರೆ ಅರ್ಧ ಬಾಗಿಲುಗಳು ತೆರೆದಾವು. ಬೇಗಂ ಬಜಾರಿನ ಮಟ್ಟಿಗೆ ಆ ಭಾಷೆ ಕನ್ನಡ ಒಂದೇ ಅಲ್ಲ, ಹಿಂದಿ, ಉರ್ದು, ತೆಲುಗು, ಮಾರವಾಡಿಯೂ ಹೌದು.

ಖರ್ಚಿನ ಮಾತಿಗೆ ಬಂದರೆ ಸರಕಾರದ ಅಂಕಿಗಳು ಇನ್ನಷ್ಟು ದಾರಿ ತಪ್ಪಿಸುತ್ತವೆ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಂತೆ ತೆಲಂಗಾಣದ ನಗರಗಳಲ್ಲಿ ತಲಾ ಒಬ್ಬರ ತಿಂಗಳ ಖರ್ಚು ಸರಾಸರಿ 8,978 ರೂ. ದೇಶದ ನಗರಗಳಲ್ಲಿ ಒಟ್ಟು ಖರ್ಚಿನಲ್ಲಿ ಬಾಡಿಗೆಯ ಪಾಲು ಸುಮಾರು ಶೇ. 6.5. ಇದನ್ನು ಓದಿದ ಯಾವ ಬಾಡಿಗೆದಾರನಾದರೂ ನಕ್ಕಾನು. ಗುಟ್ಟು ಸರಾಸರಿಯಲ್ಲಿದೆ. ನೂರು ಮನೆಗಳಲ್ಲಿ ಎಪ್ಪತ್ತು ಸ್ವಂತದವು, ಮೂವತ್ತು ಬಾಡಿಗೆಯವು ಎಂದಿಟ್ಟುಕೊಳ್ಳೋಣ. ಎಪ್ಪತ್ತು ಮನೆಯವರ ಬಾಡಿಗೆ ಸೊನ್ನೆ. ಉಳಿದ ಮೂವತ್ತು ಮನೆಯವರು ತಮ್ಮ ಖರ್ಚಿನಲ್ಲಿ ಶೇ. 22ರಷ್ಟು ಬಾಡಿಗೆಗೆ ಕೊಟ್ಟರೂ, ಎಲ್ಲ ಮನೆಗಳ ಖರ್ಚು ಒಂದೇ ಎಂದು ಹಿಡಿದರೆ, ನೂರರ ಸರಾಸರಿ ಶೇ. 6.6ಕ್ಕೆ ಬಂದು ನಿಲ್ಲುತ್ತದೆ. ಸ್ವಂತ ಮನೆಯವರ ಸೊನ್ನೆಯು ಬಾಡಿಗೆದಾರರ ಭಾರವನ್ನು ಮರೆಮಾಡುತ್ತದೆ. ತಿಂಗಳಿಗೆ 18,000 ರೂ. ಸಂಬಳದ ಗುಮಾಸ್ತನೊಬ್ಬ 6,000 ರೂ. ಬಾಡಿಗೆ ಕಟ್ಟಿದರೆ ಮೂರರಲ್ಲಿ ಒಂದು ಪಾಲು ಮೊದಲ ವಾರವೇ ಹೋಯಿತು. ಊರಿನಲ್ಲಿರುವ ತಂದೆತಾಯಿಗೆ ಕಳಿಸುವುದು, ಮಕ್ಕಳ ಶಾಲೆಯ ಫೀಸು, ಆಸ್ಪತ್ರೆ, ಎಲ್ಲವೂ ಉಳಿದದ್ದರಲ್ಲಿ ಆಗಬೇಕು.

ಬಾಡಿಗೆಯ ಹೊರಗೂ ಖರ್ಚುಗಳಿವೆ. ತೆಲಂಗಾಣ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ 2024ರ ಮಾರ್ಚ್‌ನಿಂದ 200 ಯೂನಿಟ್‌ವರೆಗಿನ ವಿದ್ಯುತ್ತಿಗೆ ಸೊನ್ನೆ ಬಿಲ್ಲು ಕೊಡುವುದು ಆರಂಭವಾಯಿತು. ಬಾಡಿಗೆದಾರರಿಗೂ ಅದು ಅನ್ವಯಿಸುತ್ತದೆ. ಆದರೆ ಅದಕ್ಕೆ ಈ ರಾಜ್ಯದ ಆಹಾರ ಭದ್ರತಾ ಕಾರ್ಡು ಬೇಕು, ಮನೆಬಳಕೆಯ ಮೀಟರ್ ಬೇಕು. ರೇಷನ್ ಕಾರ್ಡು ಬೀದರಿನಲ್ಲಿ, ಮೀಟರು ಕೆಳಗಿನ ಅಂಗಡಿಯ ಹೆಸರಿನಲ್ಲಿ ವಾಣಿಜ್ಯ ದರದ್ದು. ಇಂತಹ ಮನೆಗೆ ಯೋಜನೆ ಮುಟ್ಟುವುದು ಹೇಗೆ? ಒಂದು ಫ್ಯಾನು, ಎರಡು ದೀಪ, ಒಂದು ಟಿ.ವಿ.ಗೆ ಅಂಗಡಿಯ ದರ ತೆರಬೇಕಾಗುತ್ತದೆ. ಜಲಮಂಡಳಿ ತಿಂಗಳಿಗೆ 20,000 ಲೀಟರ್ ನೀರನ್ನು ಉಚಿತವಾಗಿ ಕೊಡುವ ಸೌಲಭ್ಯವೂ ಮನೆಯ ಸಂಪರ್ಕದ ಖಾತೆಗೆ ಆಧಾರ್ ಜೋಡಿಸಿದವರಿಗೆ. ಅರ್ಹತೆಯಿದ್ದೂ ಸೌಲಭ್ಯ ತಪ್ಪುವುದು ಕಾಗದ ಇಲ್ಲದ್ದರಿಂದ. ಕಾಗದ ಇಲ್ಲದಿರುವುದು ಮನೆ ಮನೆಯೆಂದು ದಾಖಲಾಗದ್ದರಿಂದ.

ಒಂದು ವಿಷಯದಲ್ಲಿ ಹೈದರಾಬಾದು ಬೆಂಗಳೂರಿಗಿಂತ ಮೇಲು ಎಂದು ಒಪ್ಪಿಕೊಳ್ಳಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಬಹುಕಾಲ ನಡೆದುಬಂದದ್ದು. ಇಡಿಗಂಟು ಕೊಟ್ಟು ಭೋಗ್ಯಕ್ಕೆ ಹಾಕಿಸಿಕೊಳ್ಳುವ ಪದ್ಧತಿಯೂ ಅಲ್ಲಿದೆ. ಇಲ್ಲಿ ಸಾಮಾನ್ಯವಾಗಿ ಎರಡು-ಮೂರು ತಿಂಗಳದ್ದರಲ್ಲಿ ಮುಗಿಯುತ್ತದೆ. ಬೆಂಗಳೂರಿನಿಂದ ವರ್ಗವಾಗಿ ಬಂದ ಕನ್ನಡಿಗರು ಇದನ್ನು ಮೊದಲ ದಿನವೇ ಮೆಚ್ಚಿ ಮಾತನಾಡುತ್ತಾರೆ. ಆದರೆ ಕಡಿಮೆ ಅಡ್ವಾನ್ಸ್ ಎಂದರೆ ಕಡಿಮೆ ಬರವಣಿಗೆ ಎಂದೂ ಆಗಿಬಿಟ್ಟಿದೆ. ಬಜಾರಿನ ಕೋಣೆಗಳು ಹೆಚ್ಚಾಗಿ ಬಾಯಿಮಾತಿನ ಮೇಲೆಯೇ ನಡೆಯುತ್ತವೆ. ಕೊಟ್ಟದ್ದಕ್ಕೆ ರಸೀದಿ ಇಲ್ಲ, ಬಿಡು ಎಂದರೆ ಬಿಡಬೇಕು.

ಕಾಯಿದೆ ಇಲ್ಲವೆಂದಲ್ಲ. 1960ರ ಆಂಧ್ರಪ್ರದೇಶ ಕಟ್ಟಡಗಳ ಬಾಡಿಗೆ ನಿಯಂತ್ರಣ ಕಾಯಿದೆ ಹೈದರಾಬಾದಿಗೆ ಅನ್ವಯಿಸಿಕೊಂಡು ಬಂದದ್ದು. ಬಾಡಿಗೆ ಕೊಟ್ಟವನಿಗೆ ರಸೀದಿ ಪಡೆಯುವ ಹಕ್ಕನ್ನು ಅದು ಕೊಡುತ್ತದೆ. ಕಾಯಿದೆಯಲ್ಲಿ ಹೇಳಿದ ಕಾರಣವಿಲ್ಲದೆ ಬಿಡಿಸುವಂತಿಲ್ಲ ಎನ್ನುತ್ತದೆ. ಆದರೆ 2005ರ ತಿದ್ದುಪಡಿಯಲ್ಲಿ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ತಿಂಗಳ ಬಾಡಿಗೆ 3,500 ರೂ. ದಾಟಿದ ಕಟ್ಟಡಗಳನ್ನು ಈ ರಕ್ಷಣೆಯಿಂದ ಹೊರಗಿಟ್ಟರು. ಆಗ 3,500 ಎಂದರೆ ಅನುಕೂಲಸ್ಥರ ಬಾಡಿಗೆ. ಈಗ ಬಜಾರಿನ ನಡುವೆ ಒಂದು ಒಳ್ಳೆಯ ಕೋಣೆ ಆ ದರಕ್ಕೆ ಸಿಕ್ಕರೆ ಅದೃಷ್ಟ. ರೂಪಾಯಿಯ ಬೆಲೆ ಇಳಿದಂತೆಲ್ಲ ಬಡ ಬಾಡಿಗೆದಾರ ತಾನಾಗಿಯೇ ಕಾಯಿದೆಯ ಹೊರಗೆ ಜಾರಿಕೊಂಡಿದ್ದಾನೆ. ಯಾರೂ ಅವನನ್ನು ತಳ್ಳಬೇಕಾಗಲಿಲ್ಲ. ಹೊರಗೆ ಜಾರಿದವನಿಗೆ ಉಳಿಯುವುದು ಕರಾರುಪತ್ರ ಒಂದೇ. ಬಾಡಿಗೆ ಕರಾರನ್ನು ಸಾಮಾನ್ಯವಾಗಿ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಅದನ್ನಾದರೂ ಬರೆಸಿಕೊಂಡವನು ಜಾಣ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಎಲ್ಲ ಬಾಡಿಗೆಗೂ ಬರಹದ ಕರಾರು ಕಡ್ಡಾಯ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂದಿದೆ. ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾಯಿದೆಯಾಗಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಬಾಡಿಗೆ, ಬಿಲ್ಲು, ಕರಾರು ಇವೆಲ್ಲಕ್ಕಿಂತ ದೊಡ್ಡದೊಂದು ಪ್ರಶ್ನೆ ಇದೆ. ಅದು ಪ್ರಾಣದ್ದು. 2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಭೋಯಿಗುಡಾದಲ್ಲಿ ಗುಜರಿ ಗೋದಾಮಿನ ಮೇಲಂತಸ್ತಿನಲ್ಲಿ ಮಲಗಿದ್ದ ಬಿಹಾರದ 11 ಕಾರ್ಮಿಕರು ಬೆಂಕಿಗೆ ಬಲಿಯಾದರು. 2023ರ ನವೆಂಬರ್ 13ರಂದು ನಾಂಪಲ್ಲಿಯ ಬಜಾರ್‌ಘಾಟ್‌ನಲ್ಲಿ ವಾಸದ ಕಟ್ಟಡವೊಂದರ ನೆಲಮಟ್ಟದಲ್ಲಿ ಇಟ್ಟಿದ್ದ ರಾಸಾಯನಿಕದ ಡ್ರಮ್ಮುಗಳಿಗೆ ಬೆಂಕಿ ತಗುಲಿ ಮೇಲಿನ ಮನೆಗಳಲ್ಲಿದ್ದ 9 ಜನ ಸತ್ತರು. 2025ರ ಮೇ 18ರಂದು ಚಾರ್‌ಮಿನಾರ್ ಹತ್ತಿರದ ಗುಲ್ಜಾರ್ ಹೌಜ್‌ನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆಯಿದ್ದ ಕಟ್ಟಡದಲ್ಲಿ 17 ಜನ ತೀರಿಕೊಂಡರು. ಅವರಲ್ಲಿ 8 ಮಕ್ಕಳು. ಮೊದಲನೆಯದು ವಲಸೆ ಬಂದ ಕೂಲಿಗಳದ್ದು, ಕೊನೆಯದು ಸ್ಥಿತಿವಂತ ವ್ಯಾಪಾರಿ ಮನೆತನದ್ದು. ಬೆಂಕಿ ಭೇದ ಎಣಿಸಲಿಲ್ಲ. ಕೆಳಗೆ ಸರಕು, ಮೇಲೆ ಜನ, ಹೊರಬೀಳಲು ಇಕ್ಕಟ್ಟಾದ ದಾರಿ: ಬೇಗಂ ಬಜಾರಿನಲ್ಲಿ ಈ ಮೂರೂ ಕೂಡಿದ ಗಲ್ಲಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ಲಾಸ್ಟಿಕ್ ಸಾಮಾನು, ರಟ್ಟಿನ ಪೆಟ್ಟಿಗೆ, ಹಬ್ಬದ ಹೊತ್ತಿನ ಸರಕು ಮೆಟ್ಟಿಲಿನ ಮೇಲೆಯೇ ಏರಿ ಕುಳಿತಿರುತ್ತದೆ. ಮನೆಪಟ್ಟಿಯಲ್ಲಿ 'ವಾಸ ಮತ್ತು ಇತರ ಬಳಕೆ' ಎಂಬ ಖಾನೆ ಇದೆ. ಅದರಲ್ಲಿ ಸರಿಯಾಗಿ ದಾಖಲಾದ ಕಟ್ಟಡಗಳ ಸಂಖ್ಯೆಯೇ ಅಗ್ನಿಶಾಮಕ ದಳಕ್ಕೂ ಪಾಲಿಕೆಗೂ ಈ ಪ್ರದೇಶದ ಅಪಾಯದ ಅಳತೆ ಕೊಡಬಲ್ಲದು.

ಈ ನಗರ ಮನೆಗಳನ್ನು ಎಣಿಸಿ, ಅಳೆದು, ಸರಿಪಡಿಸಲು ಹೊರಟದ್ದು ಒಂದು ದುರಂತದ ಮೇಲೆಯೇ ಎಂಬುದನ್ನು ಹಿರಿಯರು ಬಲ್ಲರು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ನದಿಯ ಎರಡೂ ದಡಗಳ ಬಡಾವಣೆಗಳನ್ನು ಕೊಚ್ಚಿಹಾಕಿ ಸಾವಿರಾರು ಜನರನ್ನು ತೆಗೆದುಕೊಂಡು ಹೋಯಿತು. ಮರುವರ್ಷ ನಿಜಾಮ ಸರಕಾರ ಕರೆಸಿಕೊಂಡದ್ದು ಕನ್ನಡಿಗರಾದ ಎಂ. ವಿಶ್ವೇಶ್ವರಯ್ಯನವರನ್ನು. ಮೇಲ್ಭಾಗದಲ್ಲಿ ಜಲಾಶಯಗಳು, ಕೆಳಗೆ ಊರಿಗೆ ಒಳಚರಂಡಿ ಎಂಬುದು ಅವರ ಸಲಹೆ. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. 1912ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿ ಇಕ್ಕಟ್ಟಿನ ಕೇರಿಗಳನ್ನು ತೆರವು ಮಾಡಿ ಬಡವರಿಗೆ ಮನೆಗಳನ್ನು ಕಟ್ಟಿಸಿತು. ವಿಶ್ವೇಶ್ವರಯ್ಯನವರ ಜಯಂತಿಯನ್ನು ಪ್ರತಿ ಸೆಪ್ಟೆಂಬರಿನಲ್ಲಿ ಆಚರಿಸುವ ಸಂಘಗಳಿಗೆ ಈ ಕಥೆಯ ಜಲಾಶಯದ ಭಾಗ ಚೆನ್ನಾಗಿ ನೆನಪಿದೆ, ಮನೆಯ ಭಾಗ ಅಷ್ಟಾಗಿ ನೆನಪಿಲ್ಲ.

ಸರಕಾರದ ವಸತಿ ಯೋಜನೆಗಳ ಮೇಲೆ ಕಣ್ಣಿಟ್ಟು ಕುಳಿತರೆ ಬಜಾರಿನ ಬಾಡಿಗೆದಾರನಿಗೆ ಬೇಗ ಏನೂ ಸಿಗದು. 2015ರಲ್ಲಿ ಆರಂಭವಾದ ಎರಡು ಕೋಣೆಯ ಮನೆಗಳ ಯೋಜನೆಯಲ್ಲಿ 560 ಚದರಡಿಯ ಮನೆಗಳನ್ನು ಕಟ್ಟಿದರು, ಕೊಲ್ಲೂರಿನಲ್ಲಿ ಒಂದೇ ಕಡೆ 15,660 ಮನೆಗಳನ್ನು 2023ರ ಜೂನ್‌ನಲ್ಲಿ ಉದ್ಘಾಟಿಸಿದರು. ಕೊಲ್ಲೂರು ನಗರದ ಹೊರ ಅಂಚು. ಬೆಳಿಗ್ಗೆ ಲಾರಿ ಇಳಿಸಬೇಕಾದ ಹಮಾಲ, ರಾತ್ರಿ ಹತ್ತಕ್ಕೆ ಖಾತೆ ಮುಚ್ಚುವ ಗುಮಾಸ್ತ ಅಲ್ಲಿಂದ ದಿನವೂ ಬಂದುಹೋಗುವುದು ಸುಲಭವಲ್ಲ. 2024ರ ಮಾರ್ಚ್‌ನಲ್ಲಿ ಆರಂಭವಾದ ಇಂದಿರಮ್ಮ ಇಂಡ್ಲು ಯೋಜನೆಯ 5 ಲಕ್ಷ ರೂ. ನೆರವು ಮೊದಲು ಸ್ವಂತ ನಿವೇಶನ ಇದ್ದವರಿಗೆ. ನಿವೇಶನವಿದ್ದವನು ಗೋದಾಮಿನ ಮೇಲೆ ಯಾಕೆ ಇರುತ್ತಿದ್ದ?

ಹಾಗಾಗಿ ಮೊದಲ ಕೆಲಸ ಸಂಘಗಳದ್ದೇ. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಯಂತಹ ಸಂಸ್ಥೆಗಳನ್ನು ಈ ನಗರದ ಕನ್ನಡಿಗರು ಕಟ್ಟಿ ಬೆಳೆಸಿದ್ದು ಭಾಷೆಗಾಗಿ; ಅದರಲ್ಲಿ ಎರಡು ಮಾತಿಲ್ಲ. ಆ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆತಾಯಿ ಎಲ್ಲಿ ವಾಸಿಸುತ್ತಾರೆ ಎಂಬುದೂ ಭಾಷೆಯ ವಿಷಯವೇ. ಬಾಡಿಗೆ ಏರಿ ಬಜಾರ್ ಬಿಟ್ಟು ದೂರ ಹೋದ ಕುಟುಂಬ ಮಕ್ಕಳನ್ನು ಹತ್ತಿರದ ಶಾಲೆಗೆ ಹಾಕುತ್ತದೆ, ಆ ಹತ್ತಿರದ ಶಾಲೆಯಲ್ಲಿ ಕನ್ನಡ ಇರುವುದಿಲ್ಲ.

ಬೇಗಂ ಬಜಾರ್, ಸಿದ್ದಿ ಅಂಬರ್ ಬಜಾರ್, ಉಸ್ಮಾನ್‌ಗಂಜ್, ಫೀಲ್‌ಖಾನಾಗಳಲ್ಲಿ ಪರಿಚಯವಿರುವ ಹತ್ತು ಸದಸ್ಯರು ನಾಲ್ಕು ಭಾನುವಾರ ಕೊಟ್ಟರೆ ಸಂಘದಲ್ಲಿ ಒಂದು ಮನೆಪಟ್ಟಿ ಸಿದ್ಧವಾದೀತು. ಹೆಸರು, ಆಧಾರ್ ಕೇಳಬೇಕಾಗಿಲ್ಲ. ಕೋಣೆಗಳೆಷ್ಟು, ಒಲೆ ಎಷ್ಟು, ಬಾಡಿಗೆ ಎಷ್ಟು, ರಸೀದಿ ಇದೆಯೋ ಇಲ್ಲವೋ, ಮೀಟರ್ ಮನೆಯದ್ದೋ ಅಂಗಡಿಯದ್ದೋ, ಮೆಟ್ಟಿಲು ಒಂದೋ ಎರಡೋ, ಕೆಳಗೆ ಇಟ್ಟ ಸರಕು ಯಾವುದು ಎಂಬಷ್ಟು ಸಾಕು. ಸರಕಾರದ ಪ್ರಶ್ನಾವಳಿ ಕೇಳದೆ ಬಿಟ್ಟ ಬಾಡಿಗೆಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ. ವಕೀಲ ವೃತ್ತಿಯ ಸದಸ್ಯರು ಸಂಘಗಳಲ್ಲಿ ಇದ್ದೇ ಇದ್ದಾರೆ. 11 ತಿಂಗಳ ಕರಾರಿನ ಸರಳ ನಮೂನೆಯೊಂದನ್ನು ಕನ್ನಡ, ತೆಲುಗು, ಹಿಂದಿಯಲ್ಲಿ ಅಚ್ಚು ಹಾಕಿಸಿ ಹಂಚುವುದಕ್ಕೆ ಒಂದು ಸಂಗೀತ ಸಂಜೆಯ ಖರ್ಚಿನ ಕಾಲುಭಾಗವೂ ಆಗದು. ಮಳಿಗೆಯ ಮಾಲೀಕರಲ್ಲಿ ಕನ್ನಡಿಗರೂ ಇದ್ದಾರೆ. ಅವರಲ್ಲಿ ಹಲವರು ಸಂಘದ ಪೋಷಕರು, ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡವರು. ತಮ್ಮ ಗೋದಾಮಿನ ಮೇಲೆ ಮಲಗುವ ಊರಿನ ಹುಡುಗರಿಗೆ ರಸೀದಿ ಕೊಡುವುದನ್ನೂ, ಮೆಟ್ಟಿಲಿನ ಮೇಲಿನ ಪೆಟ್ಟಿಗೆಗಳನ್ನು ತೆಗೆಸುವುದನ್ನೂ ಅವರಿಂದಲೇ ಆರಂಭಿಸಬೇಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಬಂದಾಗ ಅವರೂ ಕುಳಿತಿರುತ್ತಾರೆ.